ಹಳೆ ಮಾರುತಿ 800: ವ್ಯಾಕ್ಯೂಮ್ ಪೈಪುಗಳ ಗೋಜಲು ಬಿಡಿಸುವುದು ಹೇಗೆ?

ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವ ಹಳೆ ಮಾರುತಿ 800ರ ಬಾನೆಟ್ ಎತ್ತಿದರೆ ಕಣ್ಣಿಗೆ ಬೀಳುವುದು, ಎಂಜಿನ್ ಗಾಳಿ ಎಳೆಯುವ ಎಳೆತವನ್ನು (ವ್ಯಾಕ್ಯೂಮ್) ಬೇರೆ ಬೇರೆ ಭಾಗಗಳಿಗೆ ಒಯ್ಯುವ ಸಣ್ಣ ಸಣ್ಣ ರಬ್ಬರ್ ಪೈಪುಗಳು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್‌ಗೆ ಇಷ್ಟೆಲ್ಲ ಬೇಕಾ ಅನಿಸುತ್ತದೆ. ಕೆಲವು ನಿಜಕ್ಕೂ ಬೇಡ. ಹಾಗಂತ ಎಲ್ಲವನ್ನೂ ಕಿತ್ತು ಬಾಯಿಗೆ ಬೋಲ್ಟ್ ತುರುಕಿದರೆ ಮೈಲೇಜ್ ಬೀಳುತ್ತದೆ, ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ಓಡುವ ವೇಗ) ಒಂದೇ ಸಮ ನಿಲ್ಲುವುದಿಲ್ಲ. ಈಗ ಕೆಲಸವಿಲ್ಲದ ಸತ್ತ ಪೈಪು ಮಾತ್ರ ಹೋಗಬೇಕು.

ಏನನ್ನೂ ಮುಟ್ಟುವ ಮೊದಲು ಫೋಟೊ ತೆಗೆಯಿರಿ. ಪ್ರತಿ ಪೈಪಿನ ಎರಡೂ ತುದಿಗೆ ಟೇಪ್ ಸುತ್ತಿ ಒಂದೇ ನಂಬರ್ ಬರೆಯಿರಿ. ಆಮೇಲೆ ಮ್ಯಾನಿಫೋಲ್ಡ್‌ಗೆ (ಕಾರ್ಬೊರೇಟರ್‌ನಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆ) ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿ, ಬಿಸಿಯಾದ ಎಂಜಿನ್ ಐಡಲ್‌ನಲ್ಲಿ ಎಷ್ಟು ತೋರಿಸುತ್ತದೆ ನೋಡಿ. ಮಂಗಳೂರಿನಂಥ ಸಮುದ್ರಮಟ್ಟದ ಊರಿನಲ್ಲಿ 17ರಿಂದ 21 ಇಂಚು (ಪಾದರಸದ ಮಟ್ಟದ ಲೆಕ್ಕ) ಬಂದರೆ ಚೆನ್ನಾಗಿದೆ ಅಂತ ಅರ್ಥ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಮೂರು ಇಂಚಿನಷ್ಟು ಕಡಿಮೆ ಬಂದರೆ ಗಾಬರಿ ಬೇಡ. ಮುಳ್ಳು ಅಲುಗಾಡದೆ ನಿಲ್ಲುತ್ತದಾ ಅನ್ನುವುದನ್ನೂ ಗಮನಿಸಿ.

ಈಗ ಒಂದೊಂದೇ ಪೈಪು ಹಿಡಿದು ಕೊನೆತನಕ ಹೋಗಿ. ಬೇಡದವು ಸಿಗುವುದು ಸಾಮಾನ್ಯವಾಗಿ ಎರಡು ಕಡೆ. ಎಸಿ ತೆಗೆಸಿದ್ದರೆ, ಎಸಿ ಹಾಕಿದಾಗ ಐಡಲ್ ಏರಿಸುತ್ತಿದ್ದ ವಾಲ್ವ್ ಮತ್ತು ಅದರ ಪೈಪು ಸುಮ್ನೆ ಉಳಿದಿರುತ್ತವೆ. ಗ್ಯಾಸ್ ಕಿಟ್ ಬಿಚ್ಚಿಸಿದ್ದರೆ ಅದಕ್ಕೆಂದು ಹಾಕಿದ, ಇಂಗ್ಲಿಷ್ T ಆಕಾರದ ಟೀ ಜಾಯಿಂಟ್‌ಗಳು ನಡುವೆ ಇರುತ್ತವೆ. ಒಂದೊಂದು ಜಾಯಿಂಟೂ ಗಾಳಿ ಸೋರುವ ಜಾಗ. ಟೀ ತೆಗೆದು ನೇರವಾಗಿ ಒಂದೇ ತುಂಡು ಪೈಪು ಹಾಕಿ. ಖಾಲಿಯಾದ ಬಾಯಿಗೆ ರಬ್ಬರ್ ಕ್ಯಾಪ್, ಮೇಲೊಂದು ಕ್ಲಿಪ್. ಎಂ-ಸೀಲ್ ಬೇಡ.

ಮುಟ್ಟಬಾರದವು ಬೇರೆ ಇವೆ. ಡಿಸ್ಟ್ರಿಬ್ಯೂಟರ್‌ಗೆ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಹೋಗುವ ಪೈಪು ಕಡಿಮೆ ಲೋಡ್‌ನಲ್ಲಿ ಸ್ಪಾರ್ಕ್ ಸ್ವಲ್ಪ ಮುಂಚೆ ಬರುವಂತೆ ಮಾಡುತ್ತದೆ. ನಿಧಾನವಾಗಿ ಓಡಿಸುವಾಗ ಸಿಗುವ ಮೈಲೇಜ್ ಇದರ ದಯೆ. ಕೈ ಪಂಪಿನಿಂದ ಎಳೆದು ನೋಡಿ, ಅದರ ತುದಿಯ ಡಯಾಫ್ರಂ (ಎಳೆತಕ್ಕೆ ಸರಿಯುವ ತೆಳು ಪೊರೆ) ಎಳೆತ ಹಿಡಿದಿಟ್ಟುಕೊಳ್ಳಬೇಕು. ಈ ಪೈಪು ಕಾರ್ಬೊರೇಟರ್‌ನಲ್ಲಿ ಥ್ರಾಟಲ್ ತಟ್ಟೆಯ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವುದು) ಮೇಲ್ಭಾಗದ ಬಾಯಿಗೇ ಹೋಗಬೇಕು. ಅಲ್ಲಿ ಐಡಲ್‌ನಲ್ಲಿ ಎಳೆತ ಹೆಚ್ಚುಕಡಿಮೆ ಇರುವುದಿಲ್ಲ, ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗ ಬರುತ್ತದೆ. ತಪ್ಪಿ ಮ್ಯಾನಿಫೋಲ್ಡ್‌ಗೆ ಹಾಕಿದರೆ ಐಡಲ್ ಏರುತ್ತದೆ. ಅದನ್ನು ಇಳಿಸಲು ಸ್ಕ್ರೂ ತಿರುಗಿಸುತ್ತಾ ಹೋದರೆ ಮೂಲ ತೊಂದರೆ ಮುಚ್ಚಿಹೋಗುತ್ತದೆ.

ಪಿಸಿವಿ ವಾಲ್ವ್ ಎಂಜಿನ್ ಒಳಗಿನ ಆವಿಯನ್ನು ಎಳೆದು ಮತ್ತೆ ಸುಡಿಸುತ್ತದೆ. ಇದನ್ನು ಮುಚ್ಚಿದರೆ ಆಯಿಲ್ ಸೀಲುಗಳಿಂದ ಸೋರಿಕೆ ಶುರು. ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿ ನಿಮ್ಮ ಕಾರಿನಲ್ಲಿದ್ದರೆ ಅದೂ ಇರಲಿ. ಅದರಿಂದ ಪಿಕಪ್ ಏನೂ ಕಡಿಮೆಯಾಗುವುದಿಲ್ಲ, ತೆಗೆದರೆ ಬರುವುದು ಪೆಟ್ರೋಲ್ ವಾಸನೆ ಅಷ್ಟೇ. 15 ವರ್ಷದ ನಂತರ ಆರ್‌ಸಿ ನವೀಕರಣಕ್ಕೆ ಇದೇ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು, ಅಲ್ವಾ?

ಉಳಿದ ಪೈಪುಗಳನ್ನು ಒಂದಾದ ಮೇಲೆ ಒಂದರಂತೆ ಬದಲಿಸಿ. ಡಬ್ಬಿಗೆ ಹೋಗುವುದು ಪೆಟ್ರೋಲ್ ತಡೆಯುವ ಪೈಪೇ ಆಗಿರಬೇಕು. ಪಾರದರ್ಶಕ ಪ್ಲಾಸ್ಟಿಕ್ ಪೈಪು ಬಿಸಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಹಾಕಬೇಡಿ. ಸೋರಿಕೆ ಹುಡುಕಲು ಜಾಯಿಂಟ್ ಮೇಲೆ ನೀರು ಚಿಮುಕಿಸಿ ಐಡಲ್ ಬದಲಾಗುತ್ತದಾ ಕೇಳಿ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಮಾತ್ರ ಬಿಸಿ ಎಂಜಿನ್ ಹತ್ತಿರ ಬೇಡ, ಬೆಂಕಿ ಹತ್ತಬಹುದು.

ಎಂಜಿನ್ ಎಳೆತದಿಂದ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್ ಇದ್ದರೆ ಕಾರು ಹೊರಗೆ ತೆಗೆಯುವ ಮೊದಲೇ ಪರೀಕ್ಷಿಸಿ. ಎಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ಒತ್ತಿ, ಹಾಗೇ ಒತ್ತಿಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು.

ಕೊನೆಗೆ ಡಿಸ್ಟ್ರಿಬ್ಯೂಟರ್ ಪೈಪು ತೆಗೆದು, ಬಾಯಿ ಮುಚ್ಚಿ ಟೈಮಿಂಗ್ (ಸ್ಪಾರ್ಕ್ ಬರುವ ಸಮಯ) ಸರಿ ಮಾಡಿಸಿ. ಪೈಪು ಮತ್ತೆ ಹಾಕಿ ಐಡಲ್, ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಪ್ರಮಾಣ) ಹೊಂದಿಸಿ. ನಂತರ ಎಮಿಷನ್ ಟೆಸ್ಟ್. ಭಾರತ್ ಸ್ಟೇಜ್ 2 (ಹೊಗೆ ಮಿತಿಯ ಸರ್ಕಾರಿ ಮಾನದಂಡ) ಬರುವ ಮೊದಲಿನ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 3. ಅದಕ್ಕಿಂತ ಜಾಸ್ತಿ ಬಂದರೆ ಮೊದಲು ಮಿಕ್ಸ್ಚರ್, ಏರ್ ಫಿಲ್ಟರ್ ಮತ್ತು ಚೋಕ್ ಪೂರ್ತಿ ತೆರೆದಿದೆಯಾ ನೋಡಿ.