ಶವರ್ ಡೈವರ್ಟರ್ ತಗೊಳ್ಳೋ ಮುಂಚೆ ಒಂದ್ಸಲ ತಾರಸಿ ಹತ್ತಿ ನೋಡಿ

ಶೋರೂಮಿನಲ್ಲಿ ಎಂಟು ಇಂಚಿನ ರೈನ್ ಶವರ್ ಕೆಳಗೆ ಕೈ ಹಿಡಿದರೆ ನೀರು ಧೋ ಅಂತ ಸುರಿಯುತ್ತದೆ. ಗೋಡೆ ಹಿಂದೆ ಒಂದು ಪಂಪ್ ಓಡುತ್ತಿರುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನಾನೂ ಹಾಗೇ ಮರುಳಾಗಿ ಶವರ್ ಜೊತೆಗೆ ಸಿಂಗಲ್ ಲಿವರ್ ಕನ್ಸೀಲ್ಡ್ ಡೈವರ್ಟರ್ ತಂದೆ, ಅಂದರೆ ಒಂದೇ ಹಿಡಿಯಲ್ಲಿ ಬಿಸಿನೀರು ತಣ್ಣೀರು ಬೆರೆಸಿ ಶವರಿಗೋ ಕೆಳಗಿನ ನಲ್ಲಿಗೋ ಕಳಿಸುವ, ಗೋಡೆಯೊಳಗೆ ಹುದುಗಿಸುವ ವಾಲ್ವ್. ಮನೆಯಲ್ಲಿ ಹಾಕಿಸಿದ ಮೇಲೆ ನೋಡಿದರೆ ನಡುವಿನ ನಾಲ್ಕೈದು ತೂತಿನಿಂದ ಮಾತ್ರ ನೀರು ಬರುತ್ತಿತ್ತು, ಉಳಿದದ್ದು ತೊಟ್ಟಿಕ್ಕುತ್ತಿತ್ತು. ತಪ್ಪು ಶವರಿನದ್ದಲ್ಲ, ನನ್ನದು.

ಬೆಂಗಳೂರಿನ ಸ್ವಂತ ಮನೆಗಳಲ್ಲಿ ನೀರು ಬರುವ ದಾರಿ ಗೊತ್ತೇ ಇದೆ. ಕಾವೇರಿ ಆಗಲಿ ಬೋರ್‌ವೆಲ್ ಆಗಲಿ ಟ್ಯಾಂಕರ್ ಆಗಲಿ, ಮೊದಲು ನೆಲದಡಿಯ ಸಂಪ್ ತೊಟ್ಟಿಗೆ, ಅಲ್ಲಿಂದ ಮೋಟರ್ ಹಾಕಿ ತಾರಸಿಯ ಟ್ಯಾಂಕಿಗೆ. ಹಾಗಾಗಿ ರಸ್ತೆ ಪೈಪಿನಲ್ಲಿ ಎಷ್ಟು ಪ್ರೆಶರ್ ಇದ್ದರೂ ನಿಮ್ಮ ಬಾತ್‌ರೂಮಿಗೆ ಅದರಿಂದ ಏನೂ ಲಾಭವಿಲ್ಲ. ಟ್ಯಾಂಕು ಶವರಿಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ನಿಮ್ಮ ಪ್ರೆಶರ್.

ಲೆಕ್ಕ ಸುಲಭ. ಪ್ರೆಶರನ್ನು ಬಾರ್ ಲೆಕ್ಕದಲ್ಲಿ ಅಳೆಯುತ್ತಾರೆ, 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಮೇಲಿನ ಮಹಡಿಯಲ್ಲಿ ಶವರ್ ನೆಲದಿಂದ 7 ಅಡಿ ಮೇಲಿದೆ, ಸೂರು 10 ಅಡಿ, ಟ್ಯಾಂಕಿನ ಕಟ್ಟೆ 4 ಅಡಿ ಅಂದುಕೊಳ್ಳಿ. ನಿಮಗೆ ಸಿಕ್ಕಿದ್ದು 7 ಅಡಿ, ಅಂದರೆ 0.2 ಬಾರ್ ಅಷ್ಟೇ. ಕೆಳಗಿನ ಮನೆಯವರಿಗೆ ಇನ್ನೊಂದು 10 ಅಡಿ ಸೇರಿ 0.5 ಬಾರ್ ಆಗುತ್ತದೆ. ಮಾಲೀಕರು ಮೇಲಿದ್ದು ಬಾಡಿಗೆಯವರು ಕೆಳಗಿದ್ದರೆ, ಒಳ್ಳೆ ಸ್ನಾನ ಬಾಡಿಗೆಯವರದ್ದೇ!

ಪೈಪಿನಲ್ಲಿ ಎಷ್ಟು ನೀರು ಬರುತ್ತದೆ ಅನ್ನೋದನ್ನು ಬಕೆಟ್ ಇಟ್ಟು ನೋಡಿ. ಶವರ್ ಹಾಕುವ ಪಾಯಿಂಟಿಗೆ ಒಂದು ತುಂಡು ಪೈಪ್ ಸಿಕ್ಕಿಸಿ, 10 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ಅಂತ ಮೊಬೈಲಿನಲ್ಲಿ ನೋಡಿಕೊಳ್ಳಿ. ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ದೊಡ್ಡ ರೈನ್ ಶವರಿನ ಆಸೆ ಬಿಡಿ, ಇಲ್ಲವೇ ಪಂಪ್ ಹಾಕಿಸಿ. ನಾಲ್ಕು ಇಂಚಿನ ಸಾದಾ ಶವರ್ ಅದೇ ನೀರಿನಲ್ಲಿ ಎಷ್ಟೋ ಚೆನ್ನಾಗಿ ಬರುತ್ತದೆ.

ಈಗ ಡೈವರ್ಟರ್. ಪ್ರೆಶರ್ ಕಡಿಮೆ ಇದ್ದರೆ ಬಿಸಿಗೊಂದು ತಣ್ಣಗೊಂದು ನಲ್ಲಿ ಇರುವ ವಾಲ್ ಮಿಕ್ಸರ್ರೇ ವಾಸಿ. ನೋಡೋಕೆ ಹಳೇ ಕಾಲದ್ದು ಅನ್ನಿಸಬಹುದು, ಆದರೆ ನೀರು ಧಾರಾಳವಾಗಿ ಬಿಡುತ್ತದೆ, ಕೆಟ್ಟರೆ ಗೋಡೆ ಒಡೆಯಬೇಕಿಲ್ಲ. ಸಿಂಗಲ್ ಲಿವರ್ರೇ ಬೇಕು ಅಂದರೆ ‘ಹೈ ಫ್ಲೋ’ ಅಂತ ಕೇಳಿ, ಎಷ್ಟು ಬಾರ್‌ಗೆ ಎಷ್ಟು ಲೀಟರ್ ಅಂತ ಕ್ಯಾಟಲಾಗಿನಲ್ಲಿ ತೋರಿಸಿ ಅನ್ನಿ. ಅಂಗಡಿಯವರು ಸಾಮಾನ್ಯವಾಗಿ 3 ಬಾರ್‌ನ ಅಂಕಿ ತೋರಿಸುತ್ತಾರೆ, ಅದು ನಮಗೆ ಕೆಲಸಕ್ಕೆ ಬಾರದು. ಬಿಸಿಯನ್ನು ತಾನೇ ಹದ ಮಾಡುವ ಥರ್ಮೋಸ್ಟಾಟಿಕ್ ವಾಲ್ವ್ ಟ್ಯಾಂಕಿನ ನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದು ಅಪರೂಪ, ದುಡ್ಡು ದಂಡ.

ನಾನು ನಿಜವಾಗಿ ಎಡವಿದ್ದು ಪಂಪ್ ಹಾಕಿಸುವಾಗ. ಬಿಸಿನೀರಿಗೆ ನಮ್ಮದು ಸೋಲಾರ್. ಪ್ಲಂಬರ್ ತಣ್ಣೀರಿನ ಲೈನಿಗೆ ಮಾತ್ರ ಪ್ರೆಶರ್ ಪಂಪ್ ಕೂರಿಸಿಕೊಟ್ಟು ಹೋದ. ಮರುದಿನ ಬೆಳಿಗ್ಗೆ ಲಿವರನ್ನು ಪೂರ್ತಿ ಬಿಸಿ ಕಡೆ ತಿರುಗಿಸಿದರೆ ಸುಡು ನೀರು, ಅರ್ಧ ಬೆರಳಿನಷ್ಟು ಈಚೆ ತಂದರೆ ಹಿಮದಂಥ ನೀರು! ಮಧ್ಯದಲ್ಲಿ ಏನೂ ಇಲ್ಲ. ಜೋರಾಗಿ ಬರುವ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತಿತ್ತು, ತಾರಸಿಗೆ ಹೋಗಿ ನೋಡಿದರೆ ಸೋಲಾರಿನ ಗಾಳಿ ಹೋಗುವ ಪೈಪಿನಿಂದ (ಏರ್ ವೆಂಟ್) ನೀರು ಉಕ್ಕಿ ಹರಿಯುತ್ತಿತ್ತು. ಹಾಗಾಗಿ ಎರಡೂ ಲೈನಿಗೆ ಪ್ರೆಶರ್ ಒಂದೇ ಇರಬೇಕು: ಒಂದೋ ಎರಡೂ ಟ್ಯಾಂಕಿನ ಎತ್ತರದಿಂದ, ಇಲ್ಲವೇ ಎರಡಕ್ಕೂ ಪಂಪ್. ಸಾದಾ ಸೋಲಾರ್ ಟ್ಯಾಂಕಿನ ಒಳಗೆ ಪಂಪಿನ ಪ್ರೆಶರ್ ಬಿಡಬಾರದು, ಬಿಸಿನೀರಿಗೆ ಪಂಪ್ ಬೇಕಾದರೆ ಅದು ಸೋಲಾರಿನಿಂದ ಹೊರಬರುವ ಪೈಪಿಗೆ, ಬಿಸಿ ತಡೆಯುವ ಪಂಪೇ ಆಗಿರಬೇಕು. ಎರಡೂ ಲೈನಿಗೆ ಒಂದೊಂದು ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್) ಹಾಕಿಸಿದರೆ ನೀರು ಹಿಂದಕ್ಕೆ ನುಗ್ಗುವುದಿಲ್ಲ. ಆದರೆ ತೀರಾ ಕಡಿಮೆ ಪ್ರೆಶರಿನಲ್ಲಿ ಬಿಗಿ ಸ್ಪ್ರಿಂಗಿನ ಎನ್‌ಆರ್‌ವಿ ತೆರೆಯುವುದೇ ಇಲ್ಲ, ಪಂಪ್ ಇಲ್ಲದ ಮನೆಯವರು ಫ್ಲಾಪ್ ಥರದ್ದು ತಗೊಳ್ಳಿ.

ಅಪಾರ್ಟ್‌ಮೆಂಟಿನವರ ಕಥೆ ಉಲ್ಟಾ. ಹತ್ತು ಮಹಡಿಯ ಕಟ್ಟಡದ ಕೆಳಗಿನ ಮನೆಗೆ 3 ಬಾರ್ ತಲುಪಬಹುದು, ಅಲ್ಲಿ ಯಾವ ಡೈವರ್ಟರ್ ಹಾಕಿದರೂ ನಡೆಯುತ್ತದೆ. ಗೀಸರ್ ಎಷ್ಟು ಬಾರ್ ತಡೆಯುತ್ತದೆ ಅಂತ ಮಾತ್ರ ನೋಡಿಕೊಳ್ಳಿ.

ಬೋರ್‌ವೆಲ್ ನೀರಾದರೆ ಇನ್ನೊಂದು ತಲೆನೋವು. ಬಕೆಟ್ ಅಂಚಿನಲ್ಲಿ ಬಿಳಿ ಕರೆ ಕಟ್ಟುತ್ತದಲ್ವಾ, ಅದೇ ಉಪ್ಪು ಡೈವರ್ಟರಿನ ಕಾರ್ಟ್ರಿಡ್ಜ್ (ಲಿವರ್ ಹಿಂದೆ ನೀರು ಬಿಡುವ, ನಿಲ್ಲಿಸುವ ಬಿಡಿಭಾಗ) ಒಳಗೂ ಕಟ್ಟಿ ಲಿವರ್ ಬಿಗಿಯಾಗುತ್ತದೆ. ಅದಕ್ಕೇ ಕೊಳ್ಳುವ ದಿನವೇ ಕಾರ್ಟ್ರಿಡ್ಜ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ, ಸಾಧ್ಯವಾದರೆ ಒಂದು ತಂದಿಟ್ಟುಕೊಳ್ಳಿ. ಶವರಿಗೆ ರಬ್ಬರ್ ತೂತಿನದ್ದು ಆರಿಸಿ, ಬೆರಳಿನಿಂದ ಉಜ್ಜಿದರೆ ಉಪ್ಪು ಉದುರುತ್ತದೆ.

ಟೈಲ್ಸ್ ಹಾಕುವ ಮುಂಚೆ ಪೈಪಿನ ಪಕ್ಕ ಅಳತೆ ಟೇಪ್ ಹಿಡಿದು ಒಂದು ಫೋಟೋ ತೆಗೆದಿಡಿ. ನಮ್ಮ ಮನೆಯಲ್ಲಿ ಟವೆಲ್ ರಾಡಿಗೆ ಡ್ರಿಲ್ ಮಾಡಿದವನು ನೇರ ಬಿಸಿನೀರಿನ ಪೈಪಿಗೇ ಇಳಿಸಿದ್ದ.