ಐದು ಪ್ರಶ್ನಾರ್ಥಕ ಚಿಹ್ನೆಗಳು

'ಬೀದರ್' ಎಂದು ಇರಬೇಕಾದ ಕಡೆ ಐದು ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿದ್ದವು. ಪುಟವನ್ನು ಮತ್ತೆ ತೆರೆದೆ. ಬೇರೆ ಬ್ರೌಸರ್‌ನಲ್ಲಿ ನೋಡಿದೆ, ಮೊಬೈಲ್‌ನಲ್ಲಿ ನೋಡಿದೆ. ಎಲ್ಲ ಕಡೆ ಅವೇ ಐದು ಚಿಹ್ನೆಗಳು. ಮೇ ತಿಂಗಳ ಮಧ್ಯಾಹ್ನ, ಕಲಬುರಗಿಯ ನಮ್ಮ ಹಳೆಯ ಮನೆಯ ಮಹಡಿ ಕೋಣೆ. ಮೇಲೆ ಕಾದ ಶಹಾಬಾದ್ ಕಲ್ಲಿನ ಚಾವಣಿ, ಕೆಳಗೆ ಮೈಯೆಲ್ಲ ಬೆವೆತು ಕುಳಿತ ನಾನು. ಆದರೂ ಆ ಪುಟ ನೋಡಿದಾಗ ಕೈಕಾಲು ತಣ್ಣಗಾದವು.

ನಾನು ಯಾವ ಕಂಪನಿಯಲ್ಲೂ ಕೆಲಸಕ್ಕಿಲ್ಲ. ಸ್ವಂತವಾಗಿ ವೆಬ್‌ಸೈಟ್ ಮಾಡಿಕೊಡುತ್ತೇನೆ. ನೆಹರು ಗಂಜ್‌ನ ವರ್ತಕರು, ದಾಲ್ ಮಿಲ್‌ನವರು, ಕೋಚಿಂಗ್ ಕೇಂದ್ರದವರು ನನ್ನ ಗ್ರಾಹಕರು. ಬಹುತೇಕರಿಗೆ ಇಂಗ್ಲಿಷ್‌ನಲ್ಲೇ ಬೇಕು. ಪೂರ್ತಿ ಕನ್ನಡದಲ್ಲಿ ಬೇಕು ಎಂದು ಮೊದಲು ಕೇಳಿದವರು ಬೀದರ್‌ನ ಒಬ್ಬ ಬಿದರಿ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಲೆ) ಕುಶಲಕರ್ಮಿ. ನಾನು ಅವರನ್ನು ಚಾಚಾ ಎಂದೇ ಕರೆಯುತ್ತೇನೆ. "ಇಂಗ್ಲಿಷ್ ಓದುವವರು ಚಿತ್ರ ನೋಡಿಯೇ ಕೊಂಡುಬಿಡುತ್ತಾರೆ ಬೇಟಾ. ಇದು ಹೇಗೆ ಆಗುತ್ತದೆ ಎಂದು ನಮ್ಮ ಕಡೆಯ ಮಕ್ಕಳಿಗೆ ಗೊತ್ತಾಗಬೇಕಲ್ಲ" ಎಂದರು. ಅದಕ್ಕಾಗಿ 84 ವಸ್ತುಗಳಿಗೆ 84 ಪುಟ ಮಾಡಿದೆವು. ಒಂದೊಂದಕ್ಕೂ ಅವರು ಹೇಳಿದ ವಿವರವನ್ನು ನಾನು ಕೂತು ಬರೆದುಕೊಂಡಿದ್ದೆ. ಹೂದಾನಿಯ ಮೇಲಿನ ಬಳ್ಳಿಯನ್ನು ಬೆಳ್ಳಿಯ ತಂತಿಯಲ್ಲಿ ಕೂರಿಸಿದ್ದೋ ತಗಡಿನಲ್ಲಿ ಕೂರಿಸಿದ್ದೋ, ಆ ಸುರಾಹಿಯ ಕುತ್ತಿಗೆಯನ್ನು ಎರಕ ಹೊಯ್ಯುವಾಗ ಎಷ್ಟು ಸಲ ಕೆಟ್ಟಿತು, ಎಲ್ಲವೂ ಅದರಲ್ಲಿ ಇತ್ತು.

ಆ ಸೈಟ್ ಇದ್ದದ್ದು ಬೇರೊಂದು ಊರಿನ ಸಣ್ಣ ಮರುಮಾರಾಟಗಾರರ ಹೋಸ್ಟಿಂಗ್‌ನಲ್ಲಿ, ಅಂದರೆ ಅವರು ಬಾಡಿಗೆಗೆ ಕೊಡುವ ಸರ್ವರ್ ಜಾಗದಲ್ಲಿ. ದರ ಕಡಿಮೆ ಇತ್ತು, ಫೋನ್ ಮಾಡಿದರೆ ಉತ್ತರ ಬರುತ್ತಿತ್ತು. ಒಂದು ಬೆಳಿಗ್ಗೆ ಸೈಟ್ ತೆರೆಯಲಿಲ್ಲ. ಫೋನ್ ಸ್ವಿಚ್ ಆಫ್. ಎರಡು ದಿನ ಕಾದೆ. ಮೂರನೆಯ ದಿನ ಇನ್ನು ಇವರು ಸಿಗುವುದಿಲ್ಲ ಎಂದು ಖಚಿತವಾಯಿತು.

ಡೊಮೇನ್ (ಸೈಟ್‌ನ ವಿಳಾಸ) ಮಾತ್ರ ಚಾಚಾ ಅವರ ಹೆಸರಿನಲ್ಲಿ, ಅವರ ಮಗನ ಇ-ಮೇಲ್‌ನಲ್ಲಿ, ಬೇರೆ ನೋಂದಣಿದಾರರ ಬಳಿ ಇತ್ತು. ಇದು ಹಳೆಯ ಪೆಟ್ಟಿನಿಂದ ಕಲಿತದ್ದು. ಅದಕ್ಕೂ ಮೊದಲು ಒಬ್ಬ ಗ್ರಾಹಕರ ಡೊಮೇನ್ ಅನ್ನು ಅವರ ಹಿಂದಿನ ಡೆವಲಪರ್ ತನ್ನ ಹೆಸರಿನಲ್ಲೇ ಕೊಂಡಿದ್ದರು. ಆತ ಊರು ಬಿಟ್ಟ ಮೇಲೆ ನವೀಕರಣದ ನೆನಪೋಲೆಗಳು ಯಾರಿಗೂ ತಲುಪದೆ, ವರ್ಷಗಳಿಂದ ಅಂಗಡಿಯ ಬಿಲ್ಲಿನ ಮೇಲೆ ಅಚ್ಚಾಗುತ್ತಿದ್ದ ವಿಳಾಸವೇ ಕೈತಪ್ಪಿತು. ಅಂದಿನಿಂದ ನಾನು ಡೊಮೇನ್ ಮತ್ತು ಹೋಸ್ಟಿಂಗ್ ಎರಡನ್ನೂ ಒಂದೇ ಕಡೆ ಕೊಳ್ಳುವುದಿಲ್ಲ. ಡೊಮೇನ್ ಅನ್ನು ನನ್ನ ಹೆಸರಿಗಂತೂ ಮಾಡಿಸುವುದೇ ಇಲ್ಲ. ನೋಂದಣಿಯ ಒಟಿಪಿ ಗ್ರಾಹಕರ ಮೊಬೈಲ್‌ಗೇ ಬರಬೇಕು.

ಹೀಗಾಗಿ ಮುಂಬೈಯಲ್ಲಿ ಸರ್ವರ್ ಇರುವ ಒಂದು ವಿಪಿಎಸ್ (ಬಾಡಿಗೆಯ ಸರ್ವರ್ ಪಾಲು) ತೆಗೆದುಕೊಂಡು, ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ನೇಮ್‌ಸರ್ವರ್ ಬದಲಿಸಿದೆ. ಹಳೆಯ ಡಿಎನ್‌ಎಸ್ (ವಿಳಾಸದಿಂದ ಸರ್ವರ್ ಹುಡುಕುವ ವ್ಯವಸ್ಥೆ) ನಿಯಂತ್ರಣ ಹೋಸ್ಟಿಂಗ್‌ನವರ ಕೈಯಲ್ಲೇ ಇದ್ದುದರಿಂದ ಟಿಟಿಎಲ್ (ಹಳೆಯ ಸರ್ವರ್‌ನ ಗುರುತನ್ನು ನೆನಪಿಡುವ ಅವಧಿ) ಮೊದಲೇ ಇಳಿಸಿಕೊಳ್ಳಲು ಆಗಲಿಲ್ಲ. ಕೆಲವರ ಮೊಬೈಲ್‌ನಲ್ಲಿ ಎರಡು ಗಂಟೆಯಲ್ಲಿ ಹೊಸ ಸರ್ವರ್ ಕಂಡರೆ, ಕೆಲವರಿಗೆ ಮರುದಿನ. ಆ ಹೋಸ್ಟಿಂಗ್‌ನಲ್ಲೇ ಇದ್ದ ಚಾಚಾ ಅವರ ಇ-ಮೇಲ್‌ಗಳೂ ಅದರ ಜೊತೆಗೇ ಹೋದವು. ಈಗ ಇ-ಮೇಲ್ ಅನ್ನೂ ಬೇರೆ ಕಡೆ ಇಡುತ್ತೇನೆ.

ಇಷ್ಟಾದರೂ ನನಗೆ ಭಯ ಇರಲಿಲ್ಲ. ಪ್ರತಿ ರಾತ್ರಿ ಎರಡು ಗಂಟೆಗೆ ಡೇಟಾಬೇಸ್‌ನ ನಕಲು ನನ್ನ ಕಂಪ್ಯೂಟರ್‌ಗೆ ಇಳಿಯುತ್ತಿತ್ತು. ಹದಿನಾಲ್ಕು ತಿಂಗಳ ಫೈಲುಗಳು ದಿನಾಂಕದ ಸಮೇತ ಜೋಡಿಸಿಟ್ಟಿದ್ದವು. ಸೈಟ್ ನಿಲ್ಲುವ ಹಿಂದಿನ ರಾತ್ರಿಯದ್ದನ್ನು ಹೊಸ ಸರ್ವರ್‌ಗೆ ಏರಿಸಿದೆ. ಚಿತ್ರಗಳು ಬಂದವು. ಬೆಲೆ, ಎತ್ತರ, ತೂಕ ಎಲ್ಲವೂ ಬಂದವು. ಕನ್ನಡದ ಒಂದು ಅಕ್ಷರವೂ ಬರಲಿಲ್ಲ.

ಏನಾಗಿತ್ತು ಎಂದು ಬಿಡಿಸಿ ಹೇಳುತ್ತೇನೆ, ಕನ್ನಡದ ಸೈಟ್ ಮಾಡುವವರು ಯಾರೇ ಆಗಲಿ ಇದನ್ನು ತಿಳಿದಿರಬೇಕು. ನಾವು ಬೀದರ್ ಎಂಬುದನ್ನು ಮೂರು ಅಕ್ಷರವಾಗಿ ಓದುತ್ತೇವೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ಗೆ ಅದು ಐದು ಸಂಕೇತ: ಬ, ಅದರ ದೀರ್ಘದ ಗುರುತು, ದ, ರ, ಕೊನೆಯ ಅರ್ಧಾಕ್ಷರದ ಗುರುತು. ಆ ಸಂಕೇತಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸಿಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ನನ್ನ ನಕಲು ತೆಗೆಯುವ ಸ್ಕ್ರಿಪ್ಟ್ ಮೊದಲು ಒಂದು ದಾಲ್ ಮಿಲ್‌ನ ಇಂಗ್ಲಿಷ್ ಸೈಟ್‌ಗಾಗಿ ಬರೆದದ್ದು. ಅದರಲ್ಲಿ ಅಕ್ಷರಮಾಲೆ ಲ್ಯಾಟಿನ್-1 (ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರಪಟ್ಟಿ) ಎಂದಿತ್ತು. ಅದನ್ನೇ ಇಲ್ಲಿಗೂ ತಂದಿದ್ದೆ. ಲ್ಯಾಟಿನ್-1ರಲ್ಲಿ ಕನ್ನಡಕ್ಕೆ ಸ್ಥಳವೇ ಇಲ್ಲ. ತನಗೆ ಗೊತ್ತಿಲ್ಲದ ಪ್ರತಿ ಸಂಕೇತಕ್ಕೂ ನಮ್ಮ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮುಂದೆ ಹೋಗುತ್ತದೆ. ದೋಷ ತೋರಿಸುವುದಿಲ್ಲ, ನಿಲ್ಲುವುದಿಲ್ಲ. ಹದಿನಾಲ್ಕು ತಿಂಗಳು ಪ್ರತಿ ರಾತ್ರಿ ಅದು ನಿಷ್ಠೆಯಿಂದ ಪ್ರಶ್ನಾರ್ಥಕ ಚಿಹ್ನೆಗಳನ್ನೇ ಕೂಡಿಡುತ್ತಿತ್ತು.

ಕನ್ನಡ ಕೆಡುವುದರಲ್ಲಿ ಎರಡು ಬಗೆ ಇದೆ. ಯುರೋಪಿನ ಭಾಷೆಗಳ ಸೊಟ್ಟಪಟ್ಟ ಅಕ್ಷರಗಳ ಗೊಂಚಲು ಕಂಡರೆ ಗಾಬರಿಯಾಗಬೇಕಿಲ್ಲ. ಸಾಮಾನ್ಯವಾಗಿ ಬೈಟ್‌ಗಳು ಒಳಗೆ ಹಾಗೆಯೇ ಇರುತ್ತವೆ, ಓದುವ ರೀತಿ ಮಾತ್ರ ತಪ್ಪಿರುತ್ತದೆ, ತಿರುಗಿಸಿಕೊಳ್ಳಬಹುದು. ಡೇಟಾದಲ್ಲೇ ಪ್ರಶ್ನಾರ್ಥಕ ಚಿಹ್ನೆ ಕೂತಿದ್ದರೆ ಅದರ ಹಿಂದೆ ಏನೂ ಉಳಿದಿಲ್ಲ. ಹತ್ತು ಫೈಲು ತೆರೆದು ನೋಡಿದ ಮೇಲೆ ನಾನು ಇದನ್ನು ಒಪ್ಪಿಕೊಂಡೆ. ಫೈಲಿನ ಗಾತ್ರ ಗಮನಿಸಿದ್ದರೂ ಸಾಕಿತ್ತು. ಮೂರು ಬೈಟಿನ ಕಡೆ ಒಂದೇ ಬೈಟ್ ಇದ್ದುದರಿಂದ ಅವು ಇರಬೇಕಾದುದಕ್ಕಿಂತ ಬಹಳ ಚಿಕ್ಕವಾಗಿದ್ದವು.

ಆ ಮಧ್ಯಾಹ್ನವೇ ಕರೆಂಟ್ ಹೋಯಿತು. ಯುಪಿಎಸ್ ಒಂದು ನಿಮಿಷವೂ ತಾಳಲಿಲ್ಲ. 600 ವಿಎ ಯುಪಿಎಸ್, ಒಳಗೆ 12 ವೋಲ್ಟ್ 7 ಆಂಪಿಯರ್-ಗಂಟೆಯ ಬ್ಯಾಟರಿ, ಕೊಂಡು ಇನ್ನೂ ಎರಡು ವರ್ಷ ಆಗಿರಲಿಲ್ಲ. ಇಂಥ ಸೀಸದ ಬ್ಯಾಟರಿಗಳಿಗೆ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ, ಅದೂ ಮಹಡಿಯ ಮೇಲೆ, ಡಬ್ಬಿಯ ಮೇಲೆ ಅಚ್ಚಾದ ಲೆಕ್ಕವನ್ನು ನಂಬಬಾರದು. ಆ ವಾರವೇ ಕಂಪ್ಯೂಟರ್ ಅನ್ನು ಕೆಳಗಿನ ಪಡಸಾಲೆಗೆ ಇಳಿಸಿದೆ. ಸೈನ್ ವೇವ್ ಇನ್ವರ್ಟರ್, 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿ ಹಾಕಿಸಿದೆ. ಬೇಸಿಗೆಯಲ್ಲಿ ಅದಕ್ಕೆ ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಬೇಕಾಗುತ್ತದೆ, ತಿಂಗಳಿಗೊಮ್ಮೆ ಮಟ್ಟ ನೋಡುತ್ತೇನೆ. ಸಿಪಿಯು ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳ ನಡುವೆ ಧೂಳು ಬಟ್ಟೆಯ ಹಾಗೆ ಹೆಣೆದುಕೊಂಡಿತ್ತು. ಬ್ರಷ್‌ನಿಂದ ಬಿಡಿಸಿ, ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆ ಯಂತ್ರ ಮಧ್ಯಾಹ್ನವೂ ಕುಂಟದೆ ಓಡತೊಡಗಿತು.

ಕಳೆದುಹೋದ ಬರಹವನ್ನು ಹುಡುಕುವ ಕೆಲಸ ಎರಡು ತಿಂಗಳು ಹಿಡಿಯಿತು. ಹಳೆಯ ವೆಬ್ ಪುಟಗಳ ಪ್ರತಿ ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ 19 ಪುಟಗಳು ಸಿಕ್ಕವು. ಚಾಚಾ ಒಮ್ಮೆ ಮೇಳಕ್ಕಾಗಿ ಅಚ್ಚು ಹಾಕಿಸಿದ್ದ ಪುಸ್ತಿಕೆಯಲ್ಲಿ ನಮ್ಮ 30 ವಸ್ತುಗಳ ವಿವರ ಇತ್ತು. ಮುದ್ರಣಾಲಯದವರು ಪುಣ್ಯವಂತರು, ಫೈಲ್ ಇನ್ನೂ ಇಟ್ಟಿದ್ದರು. ಆದರೆ ಅದು 'ನುಡಿ' ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟ್‌ನಲ್ಲಿತ್ತು. ಅಲ್ಲಿ ಕನ್ನಡ ಕಾಣುವುದು ಫಾಂಟ್‌ನ ವೇಷದಿಂದ ಮಾತ್ರ, ಒಳಗೆ ಇರುವುದು ಲ್ಯಾಟಿನ್ ಸಂಕೇತಗಳು. ಪರಿವರ್ತಕದಲ್ಲಿ ಹಾಕಿದರೆ ಬಹುಪಾಲು ಸರಿಯಾಗುತ್ತದೆ, ಅರ್ಕಾವತ್ತು ಬಂದ ಕಡೆ ಕಣ್ಣಿಟ್ಟು ನೋಡಬೇಕು. ಆಸ್ಕಿ ಫಾಂಟ್‌ನಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಅರ್ಧ ರಕಾರ ಮೊದಲೇ ಬರಬೇಕು. 'ವರ್ಣ', 'ದರ್ಪಣ', 'ಕುಶಲಕರ್ಮಿ' ಇಂಥ ಪ್ರತಿ ಪದವನ್ನೂ ಪುಸ್ತಿಕೆಯ ಪಕ್ಕ ಇಟ್ಟು ತಿದ್ದಿದೆ.

ಉಳಿದದ್ದಕ್ಕೆ ಚಾಚಾ ಬಳಿಗೇ ಹೋಗಬೇಕಾಯಿತು. ತಪ್ಪು ನನ್ನದು ಎಂದು ಫೋನಿನಲ್ಲೇ ಹೇಳಿದ್ದೆ. 2017ರ ಅಕ್ಟೋಬರ್‌ನಲ್ಲಿ ಶುರುವಾದ ಬೀದರ್-ಕಲಬುರಗಿ ಮಾರ್ಗದ ರೈಲು ಹತ್ತಿ ನಾಲ್ಕು ಭಾನುವಾರ ಹೋದೆ. ಈ ಸಲ ಬರೆದುಕೊಳ್ಳುವುದಷ್ಟೇ ಅಲ್ಲ, ಅವರ ಮಾತನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡೆ. ಅವರು ಬೈಯಲಿಲ್ಲ. ಒಂದು ಡಬ್ಬಿಯ ಮುಚ್ಚಳ ಕೈಗೆತ್ತಿಕೊಂಡು, "ಮೊದಲ ಸಲ ನೀನು ಅವಸರದಲ್ಲಿದ್ದೆ, ಮಣ್ಣಿನ ವಿಷಯ ಪೂರ್ತಿ ಕೇಳಲೇ ಇಲ್ಲ" ಎಂದರು. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ ನಯ ಮಾಡಿದ ಮೇಲೂ ವಸ್ತು ಬೂದು ಬಣ್ಣದ್ದೇ. ಬೀದರ್ ಕೋಟೆಯೊಳಗೆ ಬಿಸಿಲು ಮಳೆ ತಾಗದ ಕಡೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಮಣ್ಣು ಸರಿಯಾಗಿದೆಯೇ ಎಂದು ನಾಲಿಗೆಯ ಮೇಲೆ ಇಟ್ಟು ನೋಡುತ್ತಾರೆ. ಅವರು ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿ ರುಚಿ ನೋಡಲು ಹೇಳಿದರು. ಈಗ ಆ ಪುಟ ಮೊದಲಿಗಿಂತ ಮೂರು ಪಟ್ಟು ಉದ್ದವಾಗಿದೆ. ಹೀಗೆ 26 ಪುಟಗಳನ್ನು ಮತ್ತೆ ಬರೆದೆ.

ಈಗಿನ ವ್ಯವಸ್ಥೆ ಇಷ್ಟು. ಡೇಟಾಬೇಸ್, ಕೋಷ್ಟಕ, ಸಂಪರ್ಕ, ನಕಲು ನಾಲ್ಕೂ ಕಡೆ ಯುಟಿಎಫ್8ಎಂಬಿ4, ಅಂದರೆ ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು. ಒಂದು ಕಡೆ ಬಿಟ್ಟರೂ ಸರಪಳಿ ಅಲ್ಲೇ ಕಡಿಯುತ್ತದೆ. ನಕಲು ಮೂರು ಕಡೆ ಇರುತ್ತದೆ: ನನ್ನ ಎಸ್‌ಎಸ್‌ಡಿ, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಬೇರೆ ಊರಿನ ಸಂಗ್ರಹಣಾ ಸರ್ವರ್. ತಿಂಗಳ ಮೊದಲ ಭಾನುವಾರ ಒಂದು ನಕಲನ್ನು ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಏರಿಸಿ, ನಾಲ್ಕಾರು ಪುಟ ಓದಿ ನೋಡುತ್ತೇನೆ. ನಕಲು ಇದೆ ಎಂಬುದಕ್ಕೆ ನನ್ನಲ್ಲಿ ಈಗ ಬೆಲೆ ಇಲ್ಲ, ತೆರೆದು ಓದಿದ್ದೇನೆ ಎಂಬುದಕ್ಕೆ ಮಾತ್ರ ಬೆಲೆ. ಸ್ಕ್ರಿಪ್ಟ್‌ಗೂ ಒಂದು ಸಾಲು ಸೇರಿಸಿದ್ದೇನೆ. ನಕಲು ಮುಗಿದ ಮೇಲೆ ಅದು ಫೈಲಿನಲ್ಲಿ 'ಬೀದರ್' ಎಂಬ ಪದವನ್ನು ಹುಡುಕುತ್ತದೆ. ಸಿಗದಿದ್ದರೆ ನನ್ನ ಮೊಬೈಲ್‌ಗೆ ಸಂದೇಶ ಬರುತ್ತದೆ. ಬೇರೆ ಗ್ರಾಹಕರ ಸೈಟ್‌ಗಳಿಗೂ ಹೀಗೆಯೇ ಒಂದೊಂದು ಕನ್ನಡ ಪದ ಆಯ್ದು ಕೊಟ್ಟಿದ್ದೇನೆ. ದಾಲ್ ಮಿಲ್‌ನವರೂ ಈಗ ಕನ್ನಡ ಪುಟ ಮಾಡಿಸಿದ್ದಾರೆ, ಅವರ ಪದ 'ತೊಗರಿ'.

84ರಲ್ಲಿ 75 ಪುಟಗಳು ಮರಳಿ ಬಂದಿವೆ. ಉಳಿದ 9 ವಸ್ತುಗಳು ಆಗಲೇ ಮಾರಾಟವಾಗಿ ಎಲ್ಲೆಲ್ಲಿಗೋ ಹೋಗಿದ್ದವು. ಚಿತ್ರ ತೋರಿಸಿದಾಗ ಚಾಚಾ ಬಹಳ ಹೊತ್ತು ನೋಡಿದರು. "ಕೈಯಲ್ಲಿ ಹಿಡಿಯದೆ ಹೇಗೆ ಹೇಳಲಿ ಬೇಟಾ" ಎಂದರು. ಆ ಒಂಬತ್ತು ಪುಟಗಳಲ್ಲಿ ಈಗಲೂ ಚಿತ್ರ, ಎತ್ತರ ಮತ್ತು ತೂಕ ಮಾತ್ರ ಇವೆ.