ಲಿಬರ್ಟೇರಿಯನ್ ಮೆಂಬರ್ ಒಬ್ಬ ಕಂದಾಯ ವಸೂಲಿಗೆ ಹೊರಟಿದ್ದು: ಪಂಚಾಯ್ತಿ ಖರ್ಚಿನ ಬಗ್ಗೆ ನನ್ನ ಅನುಭವ

ಸರ್ಕಾರ ಚಿಕ್ಕದಿರ್ಬೇಕು, ತೆರಿಗೆ ಕಮ್ಮಿ ಇರ್ಬೇಕು, ಜನ ತಮ್ಮ ಪಾಡಿಗೆ ತಾವು ಬದುಕೋಕೆ ಬಿಡ್ಬೇಕು (ಇದಕ್ಕೇ ಲಿಬರ್ಟೇರಿಯನ್ ವಾದ ಅನ್ನೋದು) ಅಂತ ಕಂಡಕಂಡೋರ ಹತ್ರ ವಾದ ಮಾಡ್ತಿದ್ದ ನಾನು, ಗ್ರಾಮ ಪಂಚಾಯ್ತಿ ಮೆಂಬರ್ ಆದ್ಮೇಲೆ ಮೊದಲು ಕೈ ಹಾಕಿದ ಕೆಲ್ಸ ಅಂದ್ರೆ ಬಿಲ್ ಕಲೆಕ್ಟರ್ ಜೊತೆ ಮನೆ ಮನೆಗೆ ಹೋಗಿ ಕಂದಾಯ ವಸೂಲಿ ಮಾಡಿದ್ದು. ಫ್ರೆಂಡ್ಸು ಇವತ್ತಿಗೂ ಆಡ್ಕೊಂಡು ನಗ್ತಾರೆ. ನಗ್ಲಿ. ಯಾಕೆ ಹಾಗೆ ಮಾಡ್ದೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

2020ರ ಡಿಸೆಂಬರ್ ಚುನಾವಣೆಲಿ ಗೆದ್ದೆ, ತುಮಕೂರು ಕಡೆಯ ಒಂದು ಸಾಧಾರಣ ಪಂಚಾಯ್ತಿ, ಊರ ಹೆಸ್ರು ಬೇಡ. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಹಾಗಂತ ಪಕ್ಷ ಇಲ್ಲ ಅಂತೇನಲ್ಲ, ಯಾರು ಯಾವ ಕಡೆ ಅನ್ನೋದು ಟೀ ಅಂಗಡಿಲಿ ಕೂತ್ರೆ ಗೊತ್ತಾಗತ್ತೆ. ನಾನು ಯಾವ ಕಡೆನೂ ಅಲ್ಲ. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ ರಾಜಾಜಿ ಏನು ಮಾಡೋಕೂ ಅಪ್ಪಣೆ ಕೇಳ್ಬೇಕಾದ ಸರ್ಕಾರನ 'ಪರ್ಮಿಟ್-ಲೈಸೆನ್ಸ್ ರಾಜ್' ಅಂತ ಬೈತಿದ್ರಲ್ಲ, ಆ ದಾರಿಯವನು. ಆಮೇಲೆ ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿಯವರು ರೈತನಿಗೆ ಬೇಕಾಗಿರೋದು ಸಬ್ಸಿಡಿ ಅಲ್ಲ, ಮುಕ್ತ ಮಾರುಕಟ್ಟೆ ಅಂತ ಹೇಳ್ತಾ ಬಂದ್ರು, ಆದ್ರೆ ನಮ್ಮ ರಾಜ್ಯದಲ್ಲಿ ನಂಜುಂಡಸ್ವಾಮಿಯವರ ರೈತ ಸಂಘ ಡಂಕೆಲ್ ಪ್ರಸ್ತಾವದ (ಗ್ಯಾಟ್ ಅನ್ನೋ ಜಾಗತಿಕ ವ್ಯಾಪಾರ ಒಪ್ಪಂದದ ಕರಡು) ವಿರುದ್ಧ ನಿಂತಿದ್ದೇ ದೊಡ್ಡ ದನಿ ಆಯ್ತು, ಶರದ್ ಜೋಶಿ ತರ ಮಾತಾಡೋರು ಇಲ್ಲಿ ಬೆರಳೆಣಿಕೆ. ನನಗಂತೂ ಊರಲ್ಲಿ ಇದನ್ನೆಲ್ಲ ಹೇಳಿ ಓಟು ಸಿಕ್ಕಿಲ್ಲ, ನಮ್ಮಪ್ಪನ ಹೆಸರಿಗೆ ಸಿಕ್ತು.

ಮೊದಲು ದುಡ್ಡಿನ ಲೆಕ್ಕ. ನನ್ನ ಅವಧಿಲಿ ಪಂಚಾಯ್ತಿಗೆ ದಿಲ್ಲಿಯಿಂದ 15ನೇ ಹಣಕಾಸು ಆಯೋಗದ (2021-26) ಅನುದಾನ ಬರ್ತಿತ್ತು, ಬೆಂಗಳೂರಿಂದ ಶಾಸನಬದ್ಧ ಅನುದಾನ ಬರ್ತಿತ್ತು, ನರೇಗಾ ಬೇರೆ, ಕೊನೆಗೆ ವರ್ಗ-1 ಅಂತ ಕರೆಯೋ ಸ್ವಂತ ನಿಧಿ, ಅಂದ್ರೆ ಮನೆ ಕಂದಾಯ, ನೀರಿನ ದುಡ್ಡು, ಮಳಿಗೆ ಬಾಡಿಗೆ, ಸಂತೆ ಸುಂಕ, ಲೈಸೆನ್ಸ್ ಫೀ ಇಂಥವು. 15ನೇ ಹಣಕಾಸಿನ ದುಡ್ಡಲ್ಲಿ ನೂರಕ್ಕೆ 60 ನಿರ್ಬಂಧಿತ, ಕುಡಿಯೋ ನೀರು ಮತ್ತೆ ನೈರ್ಮಲ್ಯಕ್ಕೇ ಹೋಗ್ಬೇಕಿತ್ತು. ಉಳಿದ 40 ಅನಿರ್ಬಂಧಿತ ಅಂತಿದ್ರು, ಅದ್ರಲ್ಲೂ ಸಂಬಳ ಕೊಡೋ ಹಾಗಿರ್ಲಿಲ್ಲ. ಕ್ರಿಯಾ ಯೋಜನೆ ಮಾಡೋ ದಿನ ಸಭೆಲಿ ಏನಾಗತ್ತೆ ಗೊತ್ತಾ, ಬರೋ ಅಂದಾಜು ಮೊತ್ತನ ಮೆಂಬರ್‌ಗಳ ಸಂಖ್ಯೆಯಿಂದ ಭಾಗಿಸ್ತಾರೆ, "ನಿಮ್ಮ ಪಾಲಿಗೆ ಇಷ್ಟು ಸಾರ್, ಕಾಮಗಾರಿ ಹೆಸರು ಬರ್ಸಿ" ಅಂತಾರೆ. ಅಷ್ಟೇ, ಪ್ಲಾನಿಂಗ್ ಮುಗೀತು. ಯಾವ ವಾರ್ಡಲ್ಲಿ ಚರಂಡಿ ಕಟ್ಕೊಂಡಿದೆ, ಎಲ್ಲಿ ಬೋರ್ ಬತ್ತಿದೆ ಅನ್ನೋ ಮಾತೇ ಬರಲ್ಲ. ಪಾಲು ಸಿಕ್ಕಿದವನು ಸಿಸಿ ರೋಡು ಬರ್ಸ್ತಾನೆ, ಯಾಕಂದ್ರೆ ಸಿಸಿ ರೋಡಿಗೆ ಎಸ್ಟಿಮೇಟ್ ರೆಡಿ ಇರತ್ತೆ, ಕಣ್ಣಿಗೂ ಕಾಣತ್ತೆ, ಮಿಕ್ಕಿದ್ದು ನಿಮಗೇ ಗೊತ್ತು.

ಆ ರೋಡಿನ ಕತೆ ಒಂದು ಹೇಳ್ಬೇಕು. ನಮ್ಮ ಬೀದಿಲಿ ಹಿಂದಿನ ಅವಧಿಯೋರು ಹಾಕಿದ ಸಿಸಿ ರೋಡು, ಎಸ್ಟಿಮೇಟ್‌ನಲ್ಲಿ ಆರಿಂಚು ದಪ್ಪ, ಕೆಲ್ಸದ ಅಳತೆ ಬರೆಯೋ ಎಂಬಿ ಪುಸ್ತಕದಲ್ಲೂ ಆರಿಂಚು ಅಂತಾನೇ ಬರೆದು ಬಿಲ್ ಆಗಿದೆ. ಅಂಚಲ್ಲಿ ಟೇಪ್ ಹಿಡಿದ್ರೆ ಸರಿಯಾಗಿ ಆರಿಂಚು ಬರೋದು. ಆಮೇಲೆ ನಲ್ಲಿ ಪೈಪ್ ಹಾಕೋರು ಬಂದು ಮಿಷನ್ ಇಟ್ಟು ರೋಡನ್ನ ಅಡ್ಡಕ್ಕೆ ಕೊಯ್ದ್ರು ನೋಡಿ, ಬಂಡವಾಳ ಬಯಲಾಯ್ತು. ಅಂಚಲ್ಲಿ ಮಾತ್ರ ಮಣ್ಣು ಆಳಕ್ಕೆ ತೆಗೆದು ಕಾಂಕ್ರೀಟ್ ತುಂಬಿದ್ದಾರೆ, ಮಧ್ಯಕ್ಕೆ ಬರ್ತಾ ಬರ್ತಾ ನಾಲ್ಕಿಂಚೂ ಇಲ್ಲ, ಕೆಳಗೆ ಜಲ್ಲಿ ಹಾಸಿಲ್ಲ, ಬರೀ ಕೆಮ್ಮಣ್ಣು. ನಾನು ಟೇಪ್ ಇಟ್ಟು ಫೋಟೋ ತೆಗೀತಾ ಇದ್ರೆ ಅಕ್ಕಪಕ್ಕದೋರು ನಿಂತು ನೋಡಿದ್ರು, ಒಬ್ರಿಗೂ ಸಿಟ್ಟು ಬರ್ಲಿಲ್ಲ. ಎದುರು ಮನೆ ಅಣ್ಣ ಹೇಳಿದ್ದು ಇಷ್ಟೇ, "ಬಿಡು ಮಾರಾಯ, ಮೇಲಿಂದ ಬಂದಿದ್ ದುಡ್ಡು, ಇಷ್ಟಾದ್ರೂ ಹಾಕಿದಾರಲ್ಲ." ಇದೇ ಮನುಷ್ಯ ತನ್ನ ಮನೆ ಮೋಲ್ಡ್ ಹಾಕಿಸೋವಾಗ ಬೆಳಗ್ಗೆಯಿಂದ ರಾತ್ರಿವರೆಗೂ ಮೇಸ್ತ್ರಿ ತಲೆ ಮೇಲೆ ಕೂತಿದ್ದ, ಒಂದು ಬಾಂಡ್ಲಿ ಮರಳು ಜಾಸ್ತಿ ಬಿದ್ರೆ ಕೂಗಾಡ್ತಿದ್ದ.

ನನ್ನ ಲಿಬರ್ಟೇರಿಯನ್ ತಲೆಗೆ ಆವತ್ತು ಕೆಲ್ಸ ಸಿಕ್ತು. ನಮ್ಮೋರು ಕಟ್ಟೋ ಡೀಸೆಲ್ ತೆರಿಗೆ, ಜಿಎಸ್‌ಟಿ ಎಲ್ಲ ದಿಲ್ಲಿ ಬೆಂಗಳೂರು ಸುತ್ಕೊಂಡು ಅನುದಾನ ಅನ್ನೋ ಹೆಸರಲ್ಲಿ ವಾಪಸ್ ಬರೋ ಹೊತ್ತಿಗೆ ಅದು ನಮ್ಮದು ಅನ್ನೋ ನೆನಪೇ ಅಳಿಸಿಹೋಗಿರತ್ತೆ. ಊರಲ್ಲಿ ಕೈಯಾರೆ ಎಣಿಸಿ ಕೊಟ್ಟ ದುಡ್ಡು ಮಾತ್ರ ಜನಕ್ಕೆ ನೆನಪಿರೋದು. ಹಾಗಾಗಿ ಖರ್ಚಿಗೆ ಲಗಾಮು ಬೀಳ್ಬೇಕು ಅಂದ್ರೆ ಸಭೆಲಿ ನಾನು ಅರಚೋದಕ್ಕಿಂತ ಸ್ವಂತ ನಿಧಿ ಬೆಳೀಬೇಕು, ಅದಕ್ಕೇ ಕಂದಾಯಕ್ಕೆ ಹೊರಟಿದ್ದು. ದರ ಏರಿಸ್ಲಿಲ್ಲ, ಅದು ನನ್ನ ಷರತ್ತು. ಇರೋ ಬಾಕಿ ವಸೂಲಿ ಮಾತ್ರ, ಮೊದಲು ನನ್ನ ಮನೇದು, ಆಮೇಲೆ ಉಳಿದ ಮೆಂಬರ್‌ಗಳದು, ಆಮೇಲೆ ರೋಡ್ ಸೈಡಿನ ದೊಡ್ಡ ಬಿಲ್ಡಿಂಗ್‌ಗಳು, ಕಲ್ಯಾಣ ಮಂಟಪ, ಗೋಡೌನು. ಹೆಂಚಿನ ಮನೆಗಳ ಹತ್ರ ಕೊನೆಗೆ ಹೋದ್ವಿ. ಮೆಂಬರ್‌ಗಳೇ ಬಾಕಿದಾರರು ಅಂತ ಸಭೆಲಿ ಡಿಸಿಬಿ (ಯಾರು ಎಷ್ಟು ಕಟ್ಬೇಕು, ಎಷ್ಟು ಬಾಕಿ ಅನ್ನೋ ಪಟ್ಟಿ) ಓದಿಸಿದಾಗ ಆದ ಗಲಾಟೆ ಬೇರೆಯೇ ಒಂದು ಕತೆ.

ರಸೀದಿ ಕೊಡೋವಾಗ ಒಂದು ಚೀಟಿನೂ ಕೊಟ್ವಿ, ನೀವು ಕೊಟ್ಟ ದುಡ್ಡು ಎಲ್ಲಿಗೆ ಹೋಗತ್ತೆ ಅಂತ. ಕಂದಾಯದ ಮೇಲೆ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಕರ ಅಂತ ನಾಲ್ಕು ಸೆಸ್ ಇದಾವೆ, ಗ್ರಂಥಾಲಯಕ್ಕೆ ನೂರಕ್ಕೆ 6, ಭಿಕ್ಷುಕರ ಕರ 3, ಅವೆಲ್ಲ ಪಂಚಾಯ್ತಿ ಹತ್ರ ನಿಲ್ಲಲ್ಲ, ಮೇಲಕ್ಕೆ ಕಟ್ಬೇಕು. ಚೀಟಿ ಓದಿ ಜನ ಬೆಚ್ಚಿಬಿದ್ರು, ನಮ್ಮೂರಲ್ಲಿ ಲೈಬ್ರರಿ ಬಾಗಿಲು ತೆಗೆಯೋದು ಯಾವಾಗ ಅಂತ ಹುಡುಗ್ರು ಕೇಳೋಕೆ ಶುರು ಮಾಡಿದ್ರು. ಇನ್ನೊಬ್ರು ಅಜ್ಜಿ, ಎಲೆ ಅಡಿಕೆ ಚೀಲದಿಂದ ಮಡಿಸಿದ ನೋಟು ತೆಗೆದು ಕೊಟ್ಟು, ರಸೀದಿ ಇಸ್ಕೊಂಡು, ಮುಂದಿನ ಸಭೆ ದಿನ ಪಂಚಾಯ್ತಿ ಆಫೀಸಿಗೇ ಬಂದ್ರು. "ಏನಪ್ಪಾ, ದುಡ್ಡು ಕಟ್ಟಿದೀನಿ, ಮನೆ ಮುಂದೆ ಚರಂಡಿ ನಾರ್ತಾ ಐತೆ, ಯಾವತ್ತು ತೆಗೆಸ್ತೀಯ ಹೇಳು" ಅಂತ ರಸೀದಿ ಮುಂದಕ್ಕೆ ಹಿಡಿದ್ರು. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮೇಡಂ ನನ್ನ ಮುಖ ನೋಡಿದ್ರು, ನಾನು ಅಜ್ಜಿ ಮುಖ ನೋಡ್ದೆ, ಖುಷಿಯಿಂದ. ಲಕ್ಷಗಟ್ಟಲೆ ಅನುದಾನದ ರೋಡ್ ಬಗ್ಗೆ ಕೇಳದ ಜನ ಕೆಲವೇ ನೂರು ರೂಪಾಯಿ ಕಂದಾಯದ ಬಗ್ಗೆ ಹೀಗೆ ಕೇಳ್ತಾರೆ ಅಂದ್ರೆ ಮೆಂಬರ್‌ಗೆ ಅದಕ್ಕಿಂತ ಇನ್ನೇನು ಬೇಕು.

ವರ್ಗ-1ರಲ್ಲಿ ಸ್ವಲ್ಪ ಜೀವ ಬಂದ್ಮೇಲೆ ನನ್ನ ಕೆಲ್ಸ ಹೆಚ್ಚಾಗಿ 'ಬೇಡ' ಅನ್ನೋದೇ ಆಗಿತ್ತು. ಸ್ವಾಗತ ಕಮಾನು ಬೇಡ. ಬಸ್ಸೇ ನಿಲ್ಲದ ಕಡೆ ತಂಗುದಾಣ ಬೇಡ. ಜಯಂತಿಗೊಂದು ಫ್ಲೆಕ್ಸ್ ಬೇಡ, ಅಧ್ಯಕ್ಷರ ರೂಮಿಗೆ ಹೊಸ ಸೋಫಾ ಬೇಡ. ಒಂದೇ ಕೆಲ್ಸನ ತುಂಡು ತುಂಡು ಮಾಡಿ ಟೆಂಡರ್ ತಪ್ಪಿಸೋದನ್ನ ಕಂಡಾಗೆಲ್ಲ ನನ್ನ ಆಕ್ಷೇಪಣೆನ ನಡಾವಳಿಲಿ ಬರೀರಿ ಅಂತ ಹಠ ಹಿಡೀತಿದ್ದೆ, ಬರೆದ ಮೇಲೆ ಓದಿ ಹೇಳಿ ಅಂತಿದ್ದೆ. ಓಟಿಗೆ ಹಾಕಿದ್ರೆ ನಾನು ಸೋಲ್ತಿದ್ದೆ, ಬಹುತೇಕ ಸಲ. ಆದ್ರೆ ನಡಾವಳಿಲಿ ಒಂದು ಆಕ್ಷೇಪಣೆ ಇದ್ರೆ ಆಡಿಟ್‌ನವರ ಕಣ್ಣಿಗೆ ಬೀಳತ್ತೆ ಅನ್ನೋ ಭಯಕ್ಕೇ ಎಷ್ಟೋ ಕೆಲ್ಸ ಬಿಲ್ ಆಗದೆ ನಿಂತ್ವು.

ಬೀದಿದೀಪ ನನಗೆ ತುಂಬ ಇಷ್ಟವಾದ ಕೆಲ್ಸ. ಮಧ್ಯಾಹ್ನ ಹನ್ನೆರಡಕ್ಕೂ ಉರೀತಿದ್ವು, ಯಾಕಂದ್ರೆ ಎಷ್ಟೋ ಕಡೆ ಸ್ವಿಚ್ಚೇ ಇರ್ಲಿಲ್ಲ, ಕಂಬದಿಂದ ಡೈರೆಕ್ಟ್. ಬಿಲ್ಲು ಎಲ್‌ಟಿ-6 ಅನ್ನೋ ಬೀದಿದೀಪದ ಕರೆಂಟ್ ದರದಲ್ಲಿ ಪಂಚಾಯ್ತಿ ತಲೆ ಮೇಲೆ, ಹಳೇ ಬಾಕಿಗೆ ಬಡ್ಡಿ ಬೇರೆ. ಕೆಲವ್ರು ಸೋಲಾರ್ ಹಾಕ್ಸೋಣ, ದೊಡ್ಡ ಟೆಂಡರ್ ಕರೆಯೋಣ ಅಂದ್ರು. ನಾವು ಮಾಡಿದ್ದು ಬೀದಿಗೊಂದು ಸ್ವಿಚ್ ಬಾಕ್ಸು, ಆ ಬೀದಿಯೋರೇ ಒಬ್ರು ಸಂಜೆ ಹಾಕಿ ಬೆಳಗ್ಗೆ ಆರ್ಸೋದು, ಮುಖ್ಯ ರಸ್ತೆಗೆ ಮಾತ್ರ ಟೈಮರ್. ಸಂಬಳ ಇಲ್ಲ, ಸಮಿತಿ ಇಲ್ಲ, ಉದ್ಘಾಟನೆನೂ ಇಲ್ಲ. ಒಂದು ಬೀದಿಲಿ ಇಬ್ರ ಮಧ್ಯೆ ಯಾರು ಹಾಕ್ಬೇಕು ಅಂತ ಜಗಳ ಆಗಿ ಅಲ್ಲಿ ಕೆಲವು ದಿನ ಕತ್ತಲೆ ಇತ್ತು, ನಾವು ತಲೆ ಹಾಕ್ಲಿಲ್ಲ, ಅವರೇ ಸರಿ ಮಾಡ್ಕೊಂಡ್ರು. ನಮ್ಮ ಕೆರೆಗಳ ಕೆಳಗೆ ನೀರುಗಂಟಿ ತೂಬು ತೆಗೆದು ಸರದಿ ಪ್ರಕಾರ ನೀರು ಬಿಡ್ತಿದ್ದ ಕಾಲದಲ್ಲಿ ಅವನಿಗೆ ಕಣದಲ್ಲೇ ಕಾಳು ಅಳೆದು ಕೊಡ್ತಿದ್ರು, ನೀರು ಉಂಡೋರೇ ಕೊಡ್ತಿದ್ರು, ಅವನನ್ನ ಬೈಯೋ ಅಧಿಕಾರನೂ ಅವರದ್ದೇ. ನಾನು ಹೇಳ್ತಿರೋದರಲ್ಲಿ ಹೊಸದೇನೂ ಇಲ್ಲ.

ಮಳಿಗೆಗಳು ಮಾತ್ರ ಬೆವರಿಳಿಸಿದ್ವು. ಬಸ್ ಸ್ಟ್ಯಾಂಡ್ ಹತ್ರ ಪಂಚಾಯ್ತಿ ಮಳಿಗೆ ತಗೊಂಡೋರು ಒಬ್ರು, ಒಳಗೆ ಅಂಗಡಿ ನಡೆಸ್ತಿರೋರು ಇನ್ನೊಬ್ರು, ಪಂಚಾಯ್ತಿಗೆ ಹಳೇ ಕಾಲದ ಬಾಡಿಗೆ, ಒಳಬಾಡಿಗೆ ಮಾತ್ರ ಇವತ್ತಿನ ರೇಟು. ಪಂಚಾಯ್ತಿ ಯಾಕೆ ಮಳಿಗೆ ಇಟ್ಕೊಳ್ಬೇಕು, ಮಾರಿಬಿಡಿ ಅನ್ನೋದು ನನ್ನ ಮೊದಲ ಆಸೆ, ಆದ್ರೆ ಪಂಚಾಯ್ತಿ ಆಸ್ತಿ ಹಾಗೆಲ್ಲ ಮಾರೋಕೆ ಬರಲ್ಲ. ಕೊನೆಗೆ ಬಾಡಿಗೆಗೆ ಬಹಿರಂಗ ಹರಾಜು ಆಯ್ತು, ಒಳಗೆ ಅಂಗಡಿ ನಡೆಸ್ತಿದ್ದೋರೇ ಕೂಗಿ ತಗೊಂಡ್ರು, ಮಧ್ಯದೋರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ಸಂತೆ ಸುಂಕದ್ದೂ ಹಂಗೇ, ಗುತ್ತಿಗೆ ಹಿಡಿದೋನು ಬಾಯಿಗೆ ಬಂದಷ್ಟು ಕೇಳ್ತಿದ್ದ. ದರದ ಬೋರ್ಡು ಸಂತೆ ಬಾಗಿಲಲ್ಲೇ ಹಾಕ್ಸಿದ್ವಿ, ಮಂಕರಿಲಿ ಸೊಪ್ಪು ತಂದು ಮಾರೋ ಹೆಂಗಸ್ರಿಗೆ ಸುಂಕ ಪೂರ್ತಿ ತೆಗೆದ್ವಿ. ಮರುವರ್ಷ ಹರಾಜಲ್ಲಿ ಸುಂಕದ ದುಡ್ಡು ಸ್ವಲ್ಪ ಇಳೀತು. ಇಳೀಲಿ, ಸಂತೆ ಜೋರಾಯ್ತಲ್ಲ.

ಎಲ್ಲದನ್ನೂ ಪ್ರೈವೇಟ್‌ಗೆ ಕೊಟ್ರೆ ಸರಿಹೋಗತ್ತೆ ಅಂತ ನಮ್ಮ ಲಿಬರ್ಟೇರಿಯನ್ ಕಡೆಯೋರು ಹೇಳೋದನ್ನ ನಾನು ಪೂರ್ತಿ ಒಪ್ಪಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಸ್ಯಾಂಡಿ ಸ್ಪ್ರಿಂಗ್ಸ್ ಅಂತ ಊರಿದೆ, 2005ರಲ್ಲಿ ಹೊಸ ನಗರ ಆದಾಗ ಪೊಲೀಸ್, ಫೈರ್ ಬಿಟ್ಟು ಹೆಚ್ಚುಕಮ್ಮಿ ಎಲ್ಲ ಕೆಲ್ಸನೂ ಒಂದೇ ಕಂಪನಿಗೆ ಕಾಂಟ್ರಾಕ್ಟ್ ಕೊಟ್ರು, ಲಿಬರ್ಟೇರಿಯನ್‌ಗಳು ಅದನ್ನ ವರ್ಷಗಟ್ಟಲೆ ಕೊಂಡಾಡಿದ್ರು. 2019ರಲ್ಲಿ ಅದೇ ಊರು ಲೆಕ್ಕ ಹಾಕಿ, ನಾವೇ ಕೆಲಸದೋರನ್ನ ಇಟ್ಕೊಂಡ್ರೆ ಐದು ವರ್ಷದಲ್ಲಿ 1.4 ಕೋಟಿ ಡಾಲರ್ ಉಳಿಯತ್ತೆ ಅಂತ ಹೆಚ್ಚಿನ ಕೆಲ್ಸ ವಾಪಸ್ ತಗೊಂತು. ನನ್ನ ಪ್ರಕಾರ ಎರಡು ಸಲನೂ ಅವರು ಮಾಡಿದ್ದು ಸರಿ, ಯಾಕಂದ್ರೆ ಎರಡು ಸಲನೂ ಲೆಕ್ಕ ಹಾಕಿದ್ರು. ನಮ್ಮಲ್ಲಿ ಕಸದ ಗಾಡಿನ ಸ್ತ್ರೀಶಕ್ತಿ ಸಂಘದ ಹೆಂಗಸ್ರು ನಡೆಸ್ತಾರೆ, ಪಂಚಾಯ್ತಿ ನಡೆಸಿದ್ದಕ್ಕಿಂತ ಚೆನ್ನಾಗಿದೆ. ಆದ್ರೆ ಚರಂಡಿ ಹೂಳೆತ್ತೋದನ್ನ ಗುತ್ತಿಗೆಗೆ ಕೊಟ್ರೆ ಅಳೆಯೋಕೇ ಆಗಲ್ಲ, ಎತ್ತಿದ್ದು ಎಷ್ಟು, ಎತ್ತಿದೀನಿ ಅಂತ ಬರೆದಿದ್ದು ಎಷ್ಟು ಅಂತ.

ಪರಿಶಿಷ್ಟರಿಗೆ ಅಂತ ಮೀಸಲಿಟ್ಟ ಪಾಲಿನ ವಿಷ್ಯದಲ್ಲಿ ನಾನು ಕಟ್ ಮಾಡಿ ಅನ್ನೋಕೆ ಹೋಗ್ಲಿಲ್ಲ, ಹೋಗ್ಬಾರ್ದು ಕೂಡ. ಅಲ್ಲಿ ಬೇರೆ ಪ್ರಶ್ನೆ ಇತ್ತು. ಪ್ರತಿ ಸಲ ಆ ದುಡ್ಡಲ್ಲಿ ಕಾಲೋನಿಗೆ ಒಂದು ಸಮುದಾಯ ಭವನದ ರಿಪೇರಿ, ಬಣ್ಣ, ಗೇಟು ಅಂತಲೇ ಬರೀತಿದ್ರು. ವಾರ್ಡ್ ಸಭೆನ ಪಂಚಾಯ್ತಿ ಆಫೀಸಲ್ಲಿ ಕೂತು ಬರೆಯೋದು ಬಿಟ್ಟು ಕಾಲೋನಿ ಕಟ್ಟೆ ಮೇಲೇ, ಅದೂ ಕೂಲಿಯಿಂದ ವಾಪಸ್ ಬರೋ ಸಂಜೆ ಹೊತ್ತಲ್ಲಿ ಮಾಡಿದಾಗ, ಒಬ್ರೂ ಭವನ ಅನ್ಲಿಲ್ಲ. ಸ್ಮಶಾನಕ್ಕೆ ದಾರಿ ಬೇಕು, ಮಳೆಗಾಲದಲ್ಲಿ ಹೆಣ ಹೊತ್ಕೊಂಡು ಗದ್ದೇಲಿ ಇಳೀಬೇಕು ಅಂದ್ರು. ಆಫೀಸಲ್ಲಿ ಕೂತು ಕಾಮಗಾರಿ ಬರೆಯೋನಿಗೆ ಇದು ಹೇಗೆ ಗೊತ್ತಾಗತ್ತೆ ಹೇಳಿ. ದಾರಿ ಆಯ್ತು, ಪೂರ್ತಿ ಅಲ್ಲ, ಅರ್ಧಕ್ಕೆ ಒಬ್ರ ಜಮೀನು ಅಡ್ಡ ಬಂದಿದೆ, ಅವರ ಒಪ್ಪಿಗೆ ಇಲ್ಲದೆ ಜೆಸಿಬಿ ಬಿಡೋಕೆ ನಾನು ಒಪ್ಪಲ್ಲ, ದುಡ್ಡು ಕೊಟ್ಟು ತಗೊಳ್ಳೋ ಮಾತುಕತೆ ನಡೀತಿದೆ.

ಆಗದೇ ಇದ್ದಿದ್ದು ಬೇಕಾದಷ್ಟಿದೆ. ಪಂಚಾಯ್ತಿರಾಜ್ ಮಂತ್ರಿ ಆಗಿದ್ದ ನಜೀರ್ ಸಾಬ್ ಕಾಲದ 1983ರ ಪಂಚಾಯ್ತಿ ಕಾಯ್ದೆ, ಆಮೇಲೆ ಸಂವಿಧಾನದ 73ನೇ ತಿದ್ದುಪಡಿ, 1993ರ ನಮ್ಮ ಕಾಯ್ದೆ ಅಂತ ಹೇಳ್ಕೊಳ್ಳೋಕೆ ಚೆನ್ನಾಗಿದೆ, 11ನೇ ಅನುಸೂಚಿಲಿ ಪಂಚಾಯ್ತಿಗೆ ವಹಿಸ್ಬಹುದಾದ 29 ವಿಷಯಗಳೂ ಇವೆ, ಆದ್ರೆ ನಮ್ಮೂರಿಗೆ ನೀರಿಗಿಂತ ಶಾಲೆ ಕಾಂಪೌಂಡ್ ಅರ್ಜೆಂಟು ಅಂದ್ರೂ ನಿರ್ಬಂಧಿತ ದುಡ್ಡಲ್ಲಿ ಒಂದು ಪೈಸೆ ಈ ಕಡೆ ತಿರುಗಿಸೋಕಾಗಲ್ಲ. ನೀರಿನ ಮೀಟರ್ ನೋಡಿ ದುಡ್ಡು ತಗೊಳ್ಳೋದಂತೂ ಸಭೆಲಿ ಬಿದ್ದೇ ಹೋಯ್ತು. ತಮಾಷೆ ಅಂದ್ರೆ ವಿರೋಧ ಮಾಡಿದ ಅದೇ ಜನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸ್ಕೊಂಡು ಹೋಗ್ತಾರೆ, ಒಂದು ದಿನ ಮಿಷನ್ ಕೆಟ್ರೆ ಫೋನ್ ಮೇಲೆ ಫೋನ್.

ಮುಂದಿನ ಚುನಾವಣೆಗೆ ನಿಲ್ಲೋ ಯೋಚನೆ ಇರೋರು, ಯಾವ ಸಿದ್ಧಾಂತದೋರೇ ಆಗಿ, ಗೆದ್ದ ಮೊದಲ ತಿಂಗಳಲ್ಲೇ ಪಿಡಿಒ ಹತ್ರ ಇವು ಕೇಳಿ ಇಸ್ಕೊಳ್ಳಿ: ಬೇಡಿಕೆ-ವಸೂಲಿ-ಬಾಕಿಯ ಡಿಸಿಬಿ ಪಟ್ಟಿ ಬಾಕಿದಾರರ ಹೆಸರು ಸಮೇತ, ಮಳಿಗೆಗಳ ಕರಾರು ಪತ್ರ, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್, ಅಂದ್ರೆ ಕನೆಕ್ಷನ್ ನಂಬರ್ ಪಟ್ಟಿ (ಇಲ್ಲದ ಬೋರ್‌ವೆಲ್‌ಗೂ ಬಿಲ್ ಬರ್ತಿರತ್ತೆ, ನೋಡಿ), ಕಳೆದ ಆಡಿಟ್ ವರದಿಯ ಆಕ್ಷೇಪಣೆಗಳು. ಅಧ್ಯಕ್ಷರ ಡಿಜಿಟಲ್ ಸಹಿ ಇರೋ ಡೋಂಗಲ್ ಯಾರ ಕೈಲಿದೆ ಅಂತಾನೂ ಒಂದು ಕಣ್ಣಿಡಿ. ಬಾಯಲ್ಲಿ ಕೇಳಿದ್ರೆ ನಾಳೆ ಅಂತಾರೆ, ಬರೆದು ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಜಮಾಬಂದಿ (ಪಂಚಾಯ್ತಿ ಲೆಕ್ಕನ ಜನರ ಮುಂದೆ ಪರಿಶೀಲಿಸೋ ಸಭೆ) ದಿನ ಆ ಕಾಗದ ಹಿಡ್ಕೊಂಡು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ, ಜೊತೆಗೆ ಕಂದಾಯ ಕಟ್ಟಿದ ನಾಲ್ಕು ಜನನ ಕರ್ಕೊಂಡು ಹೋಗಿ.